ಶೀಟಿನಲ್ಲಿ ನಾಲ್ಕು ಅತ್ತೆಯರು

ನಮ್ಮ ಮಾವನಿಗೆ ಕಂಪ್ಯೂಟರ್ ಕಂಡರೆ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಆಗದೇ ಇದ್ದಿದ್ದರೆ ನಾನು ಸುಖವಾಗಿರುತ್ತಿದ್ದೆನಲ್ಲ! ಅವರಿಗೆ ಇರುವುದು ಅನುಮಾನ. ಅಡುಗೆಮನೆಗೆ ಕಾಲಿಟ್ಟ ಹೊಸ ಸೊಸೆಯ ಮೇಲೆ ಅತ್ತೆಗಿರುತ್ತದಲ್ಲ, ಅಂಥದ್ದು. ಮಾಡಿದ್ದನ್ನು ಉಣ್ಣುತ್ತಾರೆ, ಆದರೆ ಉಪ್ಪು ಎಷ್ಟು ಹಾಕಿದೆ ಎಂದು ಮೂರು ಸಲ ಕೇಳುತ್ತಾರೆ.

ಮಾವ ಎಂದರೆ ನನ್ನ ಅಮ್ಮನ ತಮ್ಮ. ಮಾಲೂರಿನಲ್ಲಿ ಅವರದೊಂದು ಶೆಡ್ಡು. ರಾಗಿ ಕೇರುವ, ಮೇವು ಕತ್ತರಿಸುವ, ಕಾಯಿ ವಿಂಗಡಿಸುವ ಯಂತ್ರಗಳನ್ನು ಮಾಡುತ್ತಾರೆ. ನಾನು ಕೋಲಾರದಲ್ಲಿ ಡಿಪ್ಲೊಮಾ ಮುಗಿಸಿ ಮಾವನ ಶೆಡ್ಡಿನಲ್ಲೇ ಡಿಸೈನ್ ಕೆಲಸಕ್ಕೆ ಸೇರಿದೆ. ಕಂಪ್ಯೂಟರಿನಲ್ಲಿ ಯಂತ್ರವನ್ನು ಪೂರ್ತಿ ಕಟ್ಟಿ ನಿಲ್ಲಿಸಿದರೆ, ಅದರಲ್ಲಿ ಬೋಲ್ಟ್ ಎಷ್ಟು, ಬೇರಿಂಗ್ ಎಷ್ಟು, ಪಟ್ಟಿ ಎಷ್ಟು ಎಂದು ಆ ಸಾಫ್ಟ್‌ವೇರೇ ಲೆಕ್ಕ ಹಾಕುತ್ತದೆ. ಒಂದು ಬಟನ್ ಒತ್ತಿದರೆ ಆ ಲಿಸ್ಟು ಅಚ್ಚುಕಟ್ಟಾಗಿ ಸ್ಪ್ರೆಡ್‌ಶೀಟಿಗೆ ಬಂದು ಕೂರುತ್ತದೆ. ಅದನ್ನು ಅಂಗಡಿಗೆ ಕಳಿಸಿದರೆ ಸಾಮಾನು ಬರುತ್ತದೆ. ಎಷ್ಟು ಸರಳ, ಅಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ, ಪಾಪ!

ಮೊದಲ ಲಿಸ್ಟನ್ನು ಪ್ರಿಂಟ್ ತೆಗೆದು ಹೆಮ್ಮೆಯಿಂದ ಅವರ ಕೈಗಿಟ್ಟೆ.

"ಬಟನ್ ಒತ್ತಿದ್ದು ಯಾರು?" ಎಂದರು.

"ನಾನೇ ಮಾವ."

"ಎಣಿಸಿದ್ದು ಯಾರು?"

"ಕಂಪ್ಯೂಟರು."

"ಅದಕ್ಕೆ ಬೆರಳು ಎಲ್ಲೈತೆ?"

ಇದಕ್ಕೆ ಉತ್ತರ ಯಾವ ಡಿಪ್ಲೊಮಾದಲ್ಲಿ ಹೇಳಿಕೊಡುತ್ತಾರೆ? ಮಾವ ಡ್ರಾಯಿಂಗನ್ನು ನೆಲದ ಮೇಲೆ ಹಾಸಿ, ಸೀಮೆಸುಣ್ಣ ಹಿಡಿದು, ನಾನೂರ ಹನ್ನೆರಡು ಬೋಲ್ಟನ್ನೂ ಒಂದೊಂದಾಗಿ ಎಣಿಸಿದರು. ಸಂಜೆಯಾಯಿತು. "ನಾನೂರ ಹನ್ನೆರಡೇ," ಎಂದರು, ಬೇಸರದಿಂದ. ಲಿಸ್ಟು ಸರಿಯಾಗಿದ್ದಕ್ಕೆ ಅಷ್ಟು ಬೇಜಾರು ಮಾಡಿಕೊಂಡ ಇನ್ನೊಬ್ಬರನ್ನು ನಾನು ನೋಡಿಲ್ಲ.

ಆಮೇಲೆ ಶುರುವಾಯಿತು ಹೆಸರಿನ ಗಲಾಟೆ. ಶೀಟಿನಲ್ಲಿ 'ಬ್ರ್ಯಾಕೆಟ್ 17', 'ಬ್ರ್ಯಾಕೆಟ್ 18' ಎಂದಿರುವುದು ಅವರಿಗೆ ಸುತರಾಂ ಒಪ್ಪಿಗೆಯಿಲ್ಲ. "ನಂಬರಿಟ್ಟು ಕರೆಯೋಕೆ ಇವೇನು ಜೈಲಲ್ಲಿರೋ ಕೈದಿಗಳಾ? ಹೆಸರಿಡು." ಏನಂತ ಇಡಲಿ ಎಂದೆ. ಅವರು ಪರದೆಯತ್ತ ಬೊಟ್ಟು ಮಾಡಿ, "ಇದು ಎಲ್ಲಾ ಭಾರ ಹೊರುತ್ತೆ, ಒಂಚೂರೂ ಬಗ್ಗಲ್ಲ. ಇದು ಮುಳಬಾಗಿಲು ಅತ್ತೆ," ಎಂದರು. ಮುಳಬಾಗಿಲು ಅತ್ತೆ ಅಂದರೆ ಮಾವನ ದೊಡ್ಡಕ್ಕ, ನನಗೆ ದೊಡ್ಡಮ್ಮ. ಮಾವನ ಮಕ್ಕಳಿಂದ ಹಿಡಿದು ಶೆಡ್ಡಿನ ವೆಲ್ಡರುಗಳವರೆಗೆ ಎಲ್ಲರಿಗೂ ಆಕೆ ಅತ್ತೆಯೇ. ವಾದ ಮಾಡಿ ಸೋತು, 'ಮುಳಬಾಗಿಲು ಅತ್ತೆ, ನಾಲ್ಕು' ಎಂದು ಹಾಗೇ ಟೈಪು ಮಾಡಿದೆ. ಅಳಿಸಬೇಕು ಅಂದುಕೊಂಡಿದ್ದವಳು ಮರೆತು ಶೀಟನ್ನು ಕೋಲಾರದ ಕಟಿಂಗ್ ಅಂಗಡಿಗೆ ಕಳಿಸಿಬಿಟ್ಟೆ. ಅರ್ಧ ಗಂಟೆಗೆ ಫೋನು ಬಂತು.

"ಮೇಡಂ, ನಾಲ್ಕು ಅತ್ತೆಯರನ್ನ ಐದು ಎಂಎಂ ಕಬ್ಬಿಣದ ಶೀಟಲ್ಲೇ ಕಟ್ ಮಾಡ್ಲಾ?"

ಈ ಸುದ್ದಿ ಮುಳಬಾಗಿಲನ್ನು ಹೇಗೆ ಮುಟ್ಟಿತೋ ದೇವರೇ ಬಲ್ಲ. ಭಾನುವಾರ ದೊಡ್ಡಮ್ಮನೇ ಫೋನು ಮಾಡಿದರು. ಬೈಗುಳಕ್ಕೆ ಸಿದ್ಧಳಾಗಿ ಕಿವಿಗಿಟ್ಟುಕೊಂಡೆ. "ಐದೇ ಎಂಎಂ ಅಂತಲ್ಲೇ! ಅಷ್ಟು ಸಣ್ಣಗಾಗಿದೀನಾ ನಾನು?" ಎಂದು ಕೇಳಿದ ದನಿಯಲ್ಲಿ ಸಂತೋಷ ಉಕ್ಕುತ್ತಿತ್ತು!

ಇಷ್ಟಾದರೂ ಸಹಿಸಬಹುದಿತ್ತು. ಶ್ರೀನಿವಾಸಪುರದ ಮಾವಿನ ಮಂಡಿಯೊಂದರಿಂದ ಕಾಯಿ ವಿಂಗಡಿಸುವ ದೊಡ್ಡ ಯಂತ್ರಕ್ಕೆ ಆರ್ಡರು ಬಂತು. ಸೀಸನ್ನಿಗೆ ಮೊದಲು ಕೊಟ್ಟರೆ ಸರಿ ಎಂದಿದ್ದರು. ಅದರಲ್ಲೊಂದು ಭಾಗಕ್ಕೆ ನಾನು '3-4' ಎಂದು ಗುರುತು ಕೊಟ್ಟಿದ್ದೆ. ಲಿಸ್ಟು ಶೀಟಿಗೆ ಹೋಗುವಾಗ ಅದು ತನ್ನಷ್ಟಕ್ಕೆ ತಾರೀಖಾಗಿ 'ಏಪ್ರಿಲ್ 3' ಎಂದು ಕೂತಿತ್ತು. ಶೀಟುಗಳಿಗೆ ಈ ಚಾಳಿ ಇದೆ, ಇಂಥ ಅಂಕಿ ಕಂಡರೆ ಸಾಕು, ಕ್ಯಾಲೆಂಡರ್ ನೆನಪಾಗುತ್ತದೆ. ನಾನು ಊಟ ಮುಗಿಸಿ ಬರುವಷ್ಟರಲ್ಲಿ ಮಾವ ಅದನ್ನು ಓದಿ, ಮಂಡಿಯವರಿಗೆ ಫೋನು ಮಾಡಿ, ಇಟ್ಟೂ ಆಗಿತ್ತು.

"ಏಪ್ರಿಲ್ ಮೂರಕ್ಕೆ ಡೆಲಿವರಿ ಅಂತ ಹೇಳ್ಬಿಟ್ಟೆ ಕಣೇ."

"ಯಾರು ಹೇಳಿದ್ದು ನಿಮಗೆ ಆ ಡೇಟು?"

"ನಿನ್ನ ಕಂಪ್ಯೂಟರೇ ಕೊಟ್ಟೈತಲ್ಲ!"

ವರ್ಷವಿಡೀ ಅದನ್ನು ನಂಬದ ಮನುಷ್ಯ ನಂಬಿದ್ದು ಅದೊಂದನ್ನೇ! ಮಾತು ಕೊಟ್ಟಾಗಿತ್ತು, ಉಳಿದಿದ್ದು ಮೂರೇ ವಾರ. ಮಾವ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ಆ ಸಿಟ್ಟಿನಲ್ಲಿ, ಆ ಅವಸರದಲ್ಲಿ ನಾನು ಬೇರಿಂಗಿನ ಲಿಸ್ಟು ತೆಗೆದು, "ತಗೊಳ್ಳಿ, ಆರ್ಡರ್ ಹಾಕಿ," ಎಂದು ಮೇಜಿನ ಮೇಲೆ ಕುಕ್ಕಿದೆ.

ಮಾವ ಆರ್ಡರ್ ಹಾಕಲಿಲ್ಲ. ಮತ್ತೆ ಸೀಮೆಸುಣ್ಣ, ಮತ್ತೆ ನೆಲ. ನಾನು ಹಲ್ಲು ಕಚ್ಚಿಕೊಂಡು ಕೂತೆ. ಹತ್ತು ನಿಮಿಷವಾದ ಮೇಲೆ ತಲೆಯೆತ್ತಿದರು.

"ರೋಲರ್ ಎಷ್ಟಮ್ಮ?"

"ಇಪ್ಪತ್ತನಾಲ್ಕು."

"ಒಂದಕ್ಕೆ ಬೇರಿಂಗು?"

"ಎರಡು."

"ಲಿಸ್ಟಲ್ಲಿ ಒಟ್ಟು ಎರಡೇ ಐತೆ. ಮಿಕ್ಕ ಇಪ್ಪತ್ತಮೂರು ರೋಲರು ಗಾಳೀಲಿ ತಿರುಗ್ತವಾ?"

ಲಿಸ್ಟನ್ನು ಕಿತ್ತುಕೊಂಡು ನೋಡಿದೆ. ಒಂದು ರೋಲರಿನ ಲಿಸ್ಟನ್ನು ಇಡೀ ಯಂತ್ರದ್ದೆಂದು ಕೊಟ್ಟಿದ್ದೆ. ತಪ್ಪು ಸಾಫ್ಟ್‌ವೇರಿನದಲ್ಲ, ಆಯ್ಕೆ ಮಾಡಿದ ನನ್ನದು. ಹಾಗೇ ಆರ್ಡರ್ ಹೋಗಿದ್ದರೆ, ಉಳಿದ ಬೇರಿಂಗು ಬರುವಷ್ಟರಲ್ಲಿ ಏಪ್ರಿಲ್ ಮೂರು ಕಳೆದಿರುತ್ತಿತ್ತು. ದೊಡ್ಡವರಲ್ಲವೇ, ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ ಎಂದುಕೊಂಡೆ. ಎಲ್ಲಿ! ವೆಲ್ಡರಿಗೆ ಹೇಳಿದರು, ಪಕ್ಕದ ಶೆಡ್ಡಿನವರಿಗೆ ಹೇಳಿದರು, ಟೀ ತಂದವನಿಗೆ ಗ್ಲಾಸು ಹಿಡಿಸಿ ನಿಲ್ಲಿಸಿಕೊಂಡು ಹೇಳಿದರು. ನಾನು ಓಡಾಡುವ ಮಾಸ್ತಿ ಬಸ್ಸಿನ ಕಂಡಕ್ಟರು ಮಾರನೇ ದಿನ ನನ್ನನ್ನು ನೋಡಿ, "ಏನಮ್ಮ, ಬೇರಿಂಗು ಸಿಕ್ತಾ?" ಎಂದ!

ಅಂತೂ ಏಪ್ರಿಲ್ ಮೂರರ ಬೆಳಿಗ್ಗೆ ಯಂತ್ರ ಶ್ರೀನಿವಾಸಪುರ ತಲುಪಿತು. ಲಾರಿಯಿಂದ ಇಳಿಸುವಾಗ ನಾನು ಶೀಟು ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತಿದ್ದೆ. ಕೊನೆಗೆ ಟಾರ್ಪಾಲಿನ ಕೆಳಗಿನಿಂದ ಆರು ಕಬ್ಬಿಣದ ಸ್ಟೂಲುಗಳು ಹೊರಬಂದವು. ಕೂರಲು ಹಲಗೆ, ಬೆನ್ನಿಗೊಂದು ಪಟ್ಟಿ, ಕಾಲಿಡಲು ಅಡ್ಡ ಕಂಬಿ.

"ಇವು ಲಿಸ್ಟಲ್ಲೇ ಇಲ್ಲ!" ನಾನು ಕೂಗಿದೆ. "ಇದಕ್ಕೆ ಡ್ರಾಯಿಂಗ್ ಎಲ್ಲಿ? ಅಳತೆ ಯಾರು ಕೊಟ್ರು? ಹೀಗೆ ಬೇಕಾದ್ದನ್ನ ತಂದು ಸುರಿಯೋದಾದ್ರೆ ನಾನ್ಯಾಕೆ ಇರ್ಬೇಕು ಮಾವ?"

ಮಾವ ಸ್ಟೂಲುಗಳನ್ನು ತಾವೇ ಎತ್ತಿ, ಇಳಿಸಿ ನಿಲ್ಲಿಸಿದ್ದ ಯಂತ್ರದಲ್ಲಿ ಕಾಯಿ ಸಾಗುವ ಬೆಲ್ಟಿನ ಎರಡೂ ಕಡೆ ಮೂರು ಮೂರು ಜೋಡಿಸಿದರು. ಮಂಡಿಯಲ್ಲಿ ಕಾಯಿ ಆರಿಸುವ ಹೆಂಗಸರು ಗೋಡೆ ಬದಿಗೆ ನಿಂತು ನೋಡುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಹಿರಿಯಾಕೆಯನ್ನು ಮಾವ ಕರೆದರು. "ಕೂತ್ಕೊಳ್ಳಮ್ಮ. ಎತ್ತರ ಸರಿಯಾಯ್ತಾ ನೋಡು."

ಆಕೆ ಅನುಮಾನಿಸುತ್ತಲೇ ಕೂತರು. ಊದಿಕೊಂಡಿದ್ದ ಪಾದಗಳನ್ನು ಒಂದಾದ ಮೇಲೊಂದು ಕಂಬಿಯ ಮೇಲಿಟ್ಟರು. ಬೆಲ್ಟು ಸರಿಯಾಗಿ ಮೊಣಕೈ ಮಟ್ಟಕ್ಕೆ ಬಂತು. "ಪ್ರಾಣಂ ಲೇಚೊಚ್ಚಿಂದಿ ನಾಯನಾ," ಎಂದರು ತೆಲುಗಿನಲ್ಲಿ. ಹೋದ ಜೀವ ಬಂದಂತಾಯಿತಪ್ಪಾ ಎಂದು.

ಆರ್ಡರಿನ ಮಾತು ಮೊದಲು ಬಂದಾಗ, ಹೋದ ವರ್ಷ ಸೀಸನ್ನಿನಲ್ಲಿ, ಅಳತೆಗೆಂದು ನಾವಿಬ್ಬರೂ ಈ ಮಂಡಿಗೆ ಬಂದಿದ್ದೆವು. ಆವತ್ತೂ ಈಕೆ ಬೆಳಗಿನಿಂದ ಸಂಜೆಯವರೆಗೆ ನಿಂತೇ ಕಾಯಿ ಆರಿಸುತ್ತಿದ್ದರು. ನಾನು ಟೇಪು ಹಿಡಿದು ಜಾಗದ ಉದ್ದಗಲ ಅಳೆದಿದ್ದೆ. ಆ ಪಾದಗಳು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಕೈಯಲ್ಲಿದ್ದ ಶೀಟನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಏನಾದರೂ ಹೇಳೋಣವೆಂದು ಮಾವನ ಹತ್ತಿರ ಹೋದರೆ, ಅವರು ನನ್ನ ಕಡೆಗೂ ನೋಡಲಿಲ್ಲ, ಆಕೆಯ ಕಡೆಗೂ ನೋಡಲಿಲ್ಲ. ಯಂತ್ರ ಚಾಲೂ ಮಾಡಿ, ಮೋಟಾರಿಗೆ ಕಿವಿಗೊಟ್ಟು ಬಗ್ಗಿ ನಿಂತಿದ್ದರು.

"ಸೌಂಡ್ ಸರಿಯಿಲ್ಲ ಕಣೇ," ಎಂದರು, ಕಣ್ಣೊರೆಸಿಕೊಳ್ಳುತ್ತಾ.

ಸೌಂಡ್ ಸರಿಯಾಗಿಯೇ ಇತ್ತು. ಆದರೂ ನಾನು ಸ್ಪ್ಯಾನರ್ ತರಲು ಹೋದೆ.