ಕಡಲಿಗೆ ಆವನಿಯ ಬಾಗಿನ

ಮುಳಬಾಗಿಲಿನ ಸ್ಕೂಲು ಮೇಷ್ಟರಾದ ನಾನು ಒಮ್ಮೆ ಕಡಲು ನೋಡಿ ಬಂದದ್ದೇ ತಪ್ಪಾಯಿತು. ಅಂದಿನಿಂದ ರಜೆ ಬಂತೆಂದರೆ ಯಾರಾದರೊಬ್ಬರು ಬುತ್ತಿ ಕಟ್ಟಿಕೊಂಡು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಯುದ್ಧದ ಕಾಲದಲ್ಲಿ ಹಾಗೆ ಬಂದವರು ಆವನಿ ಎಂಬ ಹಳ್ಳಿಯ ನನ್ನ ಸೋದರಮಾವ, ಅತ್ತೆ, ಅವರ ಪಕ್ಕದ ಮನೆಯ, ಪಾತ್ರೆಗೆ ಕಲಾಯಿ ಹಾಕುವ ಸಾಬರು. ಊರ ಕೆರೆ ತುಂಬಿ ಕೋಡಿ ಬಿದ್ದು ವರ್ಷಗಳಾಗಿದ್ದವು. ಕೋಡಿ ಬೀಳದ ಕೆರೆಗೆ ಬಾಗಿನ ಕೊಡುವ ಹಾಗಿಲ್ಲ. "ತುಂಬಿದ ನೀರಿಗೆ ಒಂದು ಬಾಗಿನ ಕೊಡದೆ ನಾನು ಸಾಯಲ್ಲ ಕಣೋ" ಎಂದು ಅತ್ತೆ ಹಠ ಹಿಡಿದಿದ್ದರು.

ಬಸ್ಸು

ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನಲ್ಲಿ ಓಡುತ್ತಿದ್ದ ದಿನಗಳವು. ದಿಣ್ಣೆ ಸಿಕ್ಕಲ್ಲೆಲ್ಲ ಕಂಡಕ್ಟರು "ಇಳೀರಿ, ತಳ್ಳಿ" ಎನ್ನುತ್ತಿದ್ದ. ತಳ್ಳಿ ತಳ್ಳಿ ನನ್ನ ಸೊಂಟ ಬಿದ್ದುಹೋಯಿತು. ಮಾವ ಮುಖದ ಮಸಿ ಒರೆಸಿಕೊಳ್ಳುತ್ತಾ, "ಬರೋ ಸಲ ನಡ್ಕೊಂಡೇ ಬರ್ತೀನಪ್ಪಾ. ಬಸ್ಸು ತಳ್ಳೋದಾದ್ರೂ ತಪ್ಪುತ್ತೆ" ಎಂದರು.

ನೀರುಗಂಟಿ

ಕಡಲ ದಂಡೆ ಪುಟ್ಟದು, ಸುತ್ತಲೂ ಕಡಿದಾದ ಬಂಡೆ. ಕೂತು ಜಾರಿಕೊಂಡೇ ಇಳಿದೆವು. ಬಲೆ ಹೆಣೆಯುತ್ತಿದ್ದ ಒಬ್ಬನನ್ನು ಬಿಟ್ಟರೆ ಅಲ್ಲಿ ನರಪಿಳ್ಳೆಯಿಲ್ಲ. ಊರಿನಲ್ಲಿ ಗದ್ದೆಗಳಿಗೆ ಕೆರೆ ನೀರು ಬಿಡುವ ನೀರುಗಂಟಿ ನಮ್ಮ ಮಾವ. "ಎನ್ನಿ ನೀಳ್ಳುರಾ ದೇವುಡಾ!" ಎಷ್ಟೊಂದು ನೀರು ದೇವರೇ ಎಂದು ತೆಲುಗಿನಲ್ಲೇ ಉದ್ಗರಿಸಿ, ಬಿಸಿಲಿನಲ್ಲಿ ಬಂಡೆಯಿಂದ ಬಂಡೆಗೆ ನಡೆದು ತೂಬು ಹುಡುಕಿದರು. ಹಿಂದೆ ಹಿಂದೆ ನಾನು. ಕೊನೆಗೆ ಬಲೆಯವನನ್ನೇ ಕೇಳಿದರು: "ಇದಕ್ಕೆ ನೀರುಗಂಟಿ ಯಾರಪ್ಪಾ?"

"ಯಾರೂ ಇಲ್ಲ."

"ಅದಕ್ಕೇ ಹಿಂಗೆ ಹಾರಾಡ್ತೈತೆ!" ಎಂದರು ಮಾವ.

ಬಾಗಿನ

ಅತ್ತೆ ಮೊರದ ತುಂಬ ಅರಿಸಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ ಇಟ್ಟು, ಮೇಲೊಂದು ಮೊರ ಮುಚ್ಚಿ ನೀರಿಗೆ ಬಿಟ್ಟರು. ಅಲೆ ಅದನ್ನು ತಂದು ಅವರ ಕಾಲಬಳಿಯೇ ಹಾಕಿತು. ಮತ್ತೆ ಬಿಟ್ಟರು, ಮತ್ತೆ ಬಂತು.

"ಇಬ್ಬರೂ 'ನೀವು ತಗೊಳ್ಳಿ, ನೀವು ತಗೊಳ್ಳಿ' ಅಂತಿದ್ರೆ ಬಸ್ಸು ಹೋಗ್ತೈತೆ ಕಣೇ" ಎಂದು ಮಾವ ಗೊಣಗಿದರು.

ಅತ್ತೆ ಕೊನೆಯ ಸಲ ಬಿಟ್ಟಾಗ ಮೇಲಿನ ಮೊರ, ಬಳೆ, ಕಾಯಿ ಎಲ್ಲ ಹೋಗಿ ಅಡಿಯ ಮೊರವೊಂದೇ ವಾಪಸು ಬಂತು. ಅತ್ತೆ ಕುಸಿದು ಕೂತು ಅತ್ತುಬಿಟ್ಟರು. "ಗಂಗಮ್ಮ ನನ್ನ ಬಾಗಿನ ಒಲ್ಲೆ ಅಂದಳಲ್ಲೋ!" ಇಷ್ಟು ದೂರ ಬಂದದ್ದು ಇದಕ್ಕೇನಾ ಎನ್ನಿಸಿತು ನನಗೆ.

ಸಾಬರು ಮೊರದಲ್ಲಿ ಇಣುಕಿದರು. "ಅಕ್ಕಾ, ಹಬ್ಬಕ್ಕೆ ನಮ್ಮನೆಯಿಂದ ಸೇಮಿಗೆ ಪಾಯಸ ಬಂದ್ರೆ ನೀವು ಡಬರಿ ಖಾಲಿ ಕಳಿಸ್ತೀರಾ?"

"ಅಯ್ಯೋ, ಖಾಲಿ ಕಳಿಸೋದುಂಟಾ!"

"ಆಯಮ್ಮಾನೂ ಖಾಲಿ ಕಳಿಸಿಲ್ಲ, ನೋಡಿ."

ಮೊರದಲ್ಲಿ ಚಿಪ್ಪು, ಮರಳು, ಪಾಚಿ. ಅತ್ತೆಯ ಮುಖ ಅರಳಿತು. "ಏನೇನು ಕೊಟ್ಟವಳೆ ನೋಡೋಣ" ಎಂದು ಮಾವ ಪಾಚಿಯೊಳಗೆ ಕೈ ಹಾಕಿದರು. ಹಾಕಿದವರೇ "ಅಯ್ಯಯ್ಯೋ!" ಎಂದು ಕುಣಿದರು. ಬೆರಳಿಗೆ ಏಡಿಯೊಂದು ನೇತಾಡುತ್ತಿತ್ತು.

ಅತ್ತೆ ಏಳಲೂ ಇಲ್ಲ. ಕಣ್ಣೊರೆಸಿಕೊಳ್ಳುತ್ತಾ ಗದರಿದರು: "ಮುತ್ತೈದೆಗೆ ಕೊಟ್ಟ ಬಾಗಿನಕ್ಕೆ ಗಂಡಸರು ಯಾಕ್ರೀ ಕೈ ಹಾಕ್ಬೇಕು?"