ಗಡಿಯಾರಪ್ಪನ ಸರ್ಕಲ್ಲು

ಊರಿನ ಗಡಿಯಾರಗಳನ್ನೆಲ್ಲ ದಾರಿಗೆ ತರುವ ಮನುಷ್ಯ ತಾನು ಮಾತ್ರ ದಿನವೂ ತಡವಾಗಿ ಅಂಗಡಿ ತೆರೆಯುತ್ತಾನೆಂದರೆ ತಪ್ಪು ಯಾರದು? ಬೀದಿಯ ಜನರನ್ನು ಕೇಳಿದರೆ ಗಡಿಯಾರಪ್ಪನದು. ಗಡಿಯಾರಪ್ಪನನ್ನು ಕೇಳಿದರೆ ನಾಲ್ಕು ರಸ್ತೆ ಕೂಡುವ ಆ ಹಾಳು ಚೌಕದ್ದು. (ಗಡಿಯಾರಪ್ಪ ಎಂಬುದು ರಿಪೇರಿ ಕೆಲಸದಿಂದ ಬಂದ ಹೆಸರು. ಹೆತ್ತವರಿಟ್ಟ ಹೆಸರನ್ನು ಈಗ ಅವನೂ ಸ್ವಲ್ಪ ಯೋಚಿಸಿಯೇ ಹೇಳಬೇಕು.)

ಮನೆ ಚೌಕದ ಈಚೆ, ಅಂಗಡಿ ಆಚೆ. ಗೋಡೆ ಗಡಿಯಾರಗಳ ಭಾರದ ಪೆಟ್ಟಿಗೆಯನ್ನು ಸ್ಕೂಟರಿಗೆ ಬಿಗಿದುಕೊಂಡು ಅವನು ಚೌಕದ ಅಂಚಿಗೆ ಬಂದು ನಿಲ್ಲುತ್ತಾನೆ. ಎಡದಿಂದ ಹಾಲಿನ ವ್ಯಾನು. ಹೋಗಲಿ ಪಾಪ, ಹಾಲು ಒಡೆದೀತು. ಬಲದಿಂದ ಶಾಲೆಯ ಬಸ್ಸು. ಹೋಗಲಿ, ಮಕ್ಕಳು. ಎದುರಿನಿಂದ ಖಾಲಿ ಲಾರಿ. ಹೋಗಲಿ, ಲಾರಿಯ ಜೊತೆ ನಮಗೇನು ವಾದ? ಕೊನೆಗೆ ಯಾರಾದರೂ ಇಬ್ಬರು ನಡುವೆ ಸಿಕ್ಕಿಕೊಂಡು, ಇಳಿದು, ಒಬ್ಬರ ವಂಶವನ್ನು ಇನ್ನೊಬ್ಬರು ಜಾಲಾಡತೊಡಗಿದಾಗ ಸಂಚಾರವೆಲ್ಲ ನಿಲ್ಲುತ್ತದೆ. ಆ ಸಂದಿಯಲ್ಲಿ ಗಡಿಯಾರಪ್ಪ ಮೆಲ್ಲಗೆ ನುಸುಳುತ್ತಾನೆ.

ಇಷ್ಟು ದಿನ ಹೇಗೋ ನಡೆಯಿತು. ಆದರೆ ಬ್ಯಾಂಕಿನ ಮ್ಯಾನೇಜರು ತಮ್ಮ ಕಚೇರಿಯ ಅಷ್ಟೂ ಗಡಿಯಾರಗಳ ಉಸ್ತುವಾರಿ ಕೊಡಲು ಬಂದು, ಮುಚ್ಚಿದ ಬಾಗಿಲಿನ ಮುಂದೆ ನಿಂತು ನಿಂತು ಸಾಕಾಗಿ, ಕಡೆಗೆ ಬಂದವನ ಮುಖಕ್ಕೇ ಹೇಳಿಬಿಟ್ಟರು. "ಸಮಯಾನೇ ಗೊತ್ತಿಲ್ದೋರ ಕೈಗೆ ಗಡಿಯಾರ ಹೇಗ್ರೀ ಕೊಡೋದು? ಬರೋ ಸೋಮವಾರ ಒಂಬತ್ತಕ್ಕೆ ಬರ್ತೀನಿ. ಬಾಗಿಲು ತೆಗೆದಿದ್ರೆ ಕೆಲಸ ನಿಮ್ದು."

ಗಡಿಯಾರಪ್ಪನಿಗೆ ಅವಮಾನವಾಯಿತು. ಮನೆಗೆ ಬಂದವನೇ ಘೋಷಿಸಿದ.

"ಆ ಚೌಕದ ನಡುವೆ ದುಂಡಗೊಂದು ಸರ್ಕಲ್ ಆಗ್ಲೇಬೇಕು. ಆಗೋವರೆಗೂ ನಾನು ಸುಮ್ನಿರಲ್ಲ."

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದಳು ಹೆಂಡತಿ. "ನಾನು ದಿನಾ ದಾಟಲ್ವಾ?"

"ನಿನ್ನ ಮಾತು ಬೇರೆ. ನಿನ್ನ ಕಂಡ್ರೆ ಲಾರಿಗಳೇ ನಿಂತ್ಕೋತವೆ."

"ಹಾಗಂದ್ರೆ?"

"ಗೌರವಕ್ಕೆ ಅಂದೆ ಕಣೇ."

(ಇಷ್ಟು ವರ್ಷದ ಸಂಸಾರ ಅವನಿಗೆ ಬ್ರೇಕ್ ಹಾಕುವುದನ್ನಂತೂ ಚೆನ್ನಾಗಿ ಕಲಿಸಿತ್ತು.)

ಅವನು ಕೊಟ್ಟ ಅರ್ಜಿಯ ಮೇಲೆ ಭಾನುವಾರ ನಗರಸಭೆಯ ಎಂಜಿನಿಯರಮ್ಮ ಸರ್ಕಲ್ಲಿನ ಬಗ್ಗೆ ಜನರ ಅಭಿಪ್ರಾಯ ಕೇಳಲು ಬರುವವರಿದ್ದರು. ಚೌಕದ ಮೂಲೆಯ ಬೇಕರಿಯವನು ಆಗಲೇ ವಿರೋಧಕ್ಕೆ ತೊಡೆ ತಟ್ಟಿ ನಿಂತಿದ್ದ. ಅವನ ಬಾಯಿ ಮುಚ್ಚಿಸಲು ಬರೀ ಮಾತು ಸಾಲದು, ಪುರಾವೆ ಬೇಕು ಎಂದು ಗಡಿಯಾರಪ್ಪ ತೀರ್ಮಾನಿಸಿದ.

ಅವನ ಮನೆಯ ಹಾಲ್ ಕೂಡ ಒಂದು ಚೌಕವೇ. ಅಡುಗೆಮನೆ, ಬಚ್ಚಲು, ಮಲಗುವ ಕೋಣೆ, ತಲೆಬಾಗಿಲು, ನಾಲ್ಕೂ ಅಲ್ಲಿಗೇ ತೆರೆದುಕೊಳ್ಳುತ್ತವೆ. ಬೆಳಗಿನ ಹೊತ್ತು ಅಲ್ಲಿ ಬಿಸಿ ಕಾಫಿಗೂ ಒದ್ದೆ ಟವೆಲ್ಲಿಗೂ ಡಿಕ್ಕಿ ತಪ್ಪಿದ್ದಲ್ಲ. ಮೂಲೆಯಲ್ಲಿ ಅವನಪ್ಪನ ಕಾಲದ ದುಂಡು ಮೇಜಿತ್ತು. ಊಟವೂ ಅದರ ಮೇಲೇ, ರಾತ್ರಿಯ ರಿಪೇರಿಯೂ ಅದರ ಮೇಲೇ. ಅದರ ಮೇಲೆ ನಾಲ್ಕು ಮುಖದ ಒಂದು ದೊಡ್ಡ ಗಡಿಯಾರವೂ ಇತ್ತು. ಯಾವುದೋ ಮುಚ್ಚಿದ ಕಾರ್ಖಾನೆಯಿಂದ ತಂದು, ವರ್ಷಗಟ್ಟಲೆ ತಿದ್ದಿ ತೀಡಿ, ಈಗ ಸೆಕೆಂಡೂ ತಪ್ಪದಂತೆ ಮಾಡಿದ್ದ. ಆ ಗಡಿಯಾರವನ್ನು ಕಪಾಟಿನ ಮೇಲಿಟ್ಟು, ಏದುಸಿರು ಬಿಡುತ್ತ ಮೇಜನ್ನು ಹಾಲ್‌ನ ನಟ್ಟನಡುವೆ ಎಳೆದು ತಂದ.

"ಇವತ್ತಿನಿಂದ ಎಲ್ರೂ ಒಂದೇ ದಿಕ್ಕಿಗೆ ಸುತ್ತಬೇಕು. ಸುತ್ತಿನ ಒಳಗಿದ್ದೋರಿಗೆ ಮೊದಲ ದಾರಿ. ಹೊರಗಿನವರು ಕಾಯಬೇಕು!" ಎಂದು ರಾಜಶಾಸನ ಹೊರಡಿಸಿದ.

ಇದರಿಂದ ಅತ್ಯಂತ ಸಂತೋಷವಾದದ್ದು ಅವನ ಅತ್ತೆಗೆ. ಮಗಳ ಮನೆಯಲ್ಲೇ ಇದ್ದ ಆಕೆಗೆ ದಿನವೂ ನಡೆಯಬೇಕೆಂದು ಡಾಕ್ಟರು ಹೇಳಿದ್ದರು.

"ಒಳ್ಳೇ ಕೆಲ್ಸ ಮಾಡಿದ್ರಿ ಅಳಿಯಂದ್ರೆ," ಎಂದು ಮೇಜಿನ ಅಂಚು ಹಿಡಿದು ಆಕೆ ಸುತ್ತತೊಡಗಿದರು. ಆಮೆಯೂ ಹಾರ್ನ್ ಹೊಡೆಯಬೇಕೆನಿಸುವ ವೇಗ. ಗಡಿಯಾರಪ್ಪ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕೋಣೆಯ ಹೊಸ್ತಿಲಲ್ಲಿ ಕಾದ. ಬಚ್ಚಲು ಎದುರಿಗೇ ಕಾಣುತ್ತಿತ್ತು.

"ಅತ್ತೆ, ಸ್ವಲ್ಪ ದಾರಿ..."

"ಒಳಗಿದ್ದೋರಿಗೆ ಮೊದ್ಲು ಅಂತ ನೀವೇ ಅಲ್ವಾ ಹೇಳಿದ್ದು?"

ಆ ದಿನ ಸ್ನಾನವಾಗಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೇ ಬುದ್ಧಿ ಕಲಿಯುತ್ತಿದ್ದರು. ಗಡಿಯಾರಪ್ಪ ಹಿಡಿದ ಪಟ್ಟು ಬಿಡುವವನಲ್ಲ.

"ನೋಡಿದ್ಯಾ ನಿಯಮದ ಶಕ್ತಿ? ಒಂದಾದ್ರೂ ಡಿಕ್ಕಿ ಆಯ್ತಾ?"

"ಸ್ನಾನ ಆಯ್ತಾ?" ಎಂದಳು ಹೆಂಡತಿ.

"ಅದು ಬೇರೆ ವಿಷಯ."

ಸುತ್ತಿ ಸುತ್ತಿ, ಮೇಜಿನ ಅಂಚಿಗೆ ಸೊಂಟ ಬಡಿಸಿಕೊಂಡು ಹೆಂಡತಿಯೂ ಒಂದು ಶಪಥ ಮಾಡಿದಳು. ಅವಳು ಶಪಥವನ್ನು ಬಾಯಿಬಿಟ್ಟು ಹೇಳುವವಳಲ್ಲ.

ಭಾನುವಾರ ಶಾಲೆಯ ಕೋಣೆಯಲ್ಲಿ ಸಭೆ. "ಯಾರು ಮಾತಾಡ್ತೀರಿ?" ಎಂದರು ಎಂಜಿನಿಯರಮ್ಮ. ಗಡಿಯಾರಪ್ಪ ಎದ್ದ. ಬೇಕರಿಯವನೂ ಎದ್ದ.

"ನೀವು ಮೊದ್ಲು ಹೇಳಿ," ಎಂದುಬಿಟ್ಟ ಗಡಿಯಾರಪ್ಪ. ಹುಟ್ಟುಗುಣ!

"ಸರ್ಕಲ್ ಆದ್ರೆ ಗಾಡಿ ನಿಲ್ಲಲ್ಲ. ಗಾಡಿ ನಿಲ್ದಿದ್ರೆ ನನ್ನ ಬನ್ನು ಯಾರು ಕೊಳ್ತಾರೆ?" ಎಂದು ಶುರು ಮಾಡಿದ ಬೇಕರಿಯವನು ಬನ್ನಿನಂತೆಯೇ ಉಬ್ಬುತ್ತ ಹೋದ. ಅವನ ನಂತರ ಮುದುಕರೊಬ್ಬರು ಎದ್ದರು. ಹಿರಿಯರು, ಹೇಳಲಿ. ಆಮೇಲೆ ಒಬ್ಬಾಕೆ ಎದ್ದಳು. ಕಂಕುಳಲ್ಲಿ ಮಗುವಿದೆ, ಹೇಳಲಿ. ಗಡಿಯಾರಪ್ಪ ನಿಂತೇ ಇದ್ದ. ಎಂಜಿನಿಯರಮ್ಮ ಚೀಲದ ಜಿಪ್ಪು ಎಳೆದರು.

ಆಗ ಹಿಂದಿನ ಬೆಂಚಿನಿಂದ ಹೆಂಡತಿಯ ಧ್ವನಿ ಗುಡುಗಿತು. "ಕೂತ್ಕೊಳ್ಳಿ ಮೇಡಂ! ಸರ್ಕಲ್ ಬೇಕೇ ಬೇಕು. ರಸ್ತೇಲಿ ಆಗ್ದಿದ್ರೆ ಅದು ನಮ್ಮನೆ ಹಾಲಲ್ಲೇ ಉಳ್ಕೊಳ್ಳುತ್ತೆ. ನನ್ನ ಸೊಂಟದ ಗತಿ ಏನು?"

ಸಭೆ ನಕ್ಕಿತು. ಎಂಜಿನಿಯರಮ್ಮನೂ ನಕ್ಕರು. "ಕಟ್ಟೋಕೆ ಈಗ ದುಡ್ಡಿಲ್ಲಮ್ಮ. ಬೇಕಾದ್ರೆ ಪ್ರಯೋಗ ಮಾಡೋಣ. ದುಂಡಗಿರೋದು, ಭಾರ ಇರೋದು ಏನಾದ್ರೂ ಯಾರ ಹತ್ರಾದ್ರೂ ಇದ್ಯಾ?"

"ಇದೆ!" ಎಂದಳು ಹೆಂಡತಿ, ಗಂಡ ಬಾಯಿ ತೆರೆಯುವ ಮೊದಲೇ.

ಸಂಜೆಯ ಹೊತ್ತಿಗೆ ಮೇಜು ಚೌಕದ ನಡುವೆ ನಿಂತಿತ್ತು. ನಗರಸಭೆಯವರು ಅದರ ಅಂಚಿಗೆ ಬಿಳಿ ಕಪ್ಪು ಪಟ್ಟೆ ಬಳಿದರು.

"ಅಪ್ಪನ ಮೇಜು ಕಣೇ!" ಗಡಿಯಾರಪ್ಪನ ಕಣ್ಣು ಒದ್ದೆಯಾಯಿತು.

"ನಿಮ್ಮ ಸರ್ಕಲ್ ಕಣ್ರೀ!"

ಆ ಮಾತಿಗೆ ಅವನು ಎದೆಯುಬ್ಬಿಸಿದ. ತಾನು ಗೆದ್ದ ಸರ್ಕಲ್ಲು ಬೋಳುಬೋಳಾಗಿ ಇರಬಾರದು ಎನಿಸಿತು. ಮನೆಗೆ ಓಡಿ ನಾಲ್ಕು ಮುಖದ ಗಡಿಯಾರವನ್ನು ಹೊತ್ತು ತಂದು, ಮೇಜಿನ ಮೇಲೆ ಬೋಲ್ಟು ಹಾಕಿ ಬಿಗಿದ. ಇನ್ನು ನಾಲ್ಕು ರಸ್ತೆಯ ಜನಕ್ಕೂ ಗಡಿಯಾರಪ್ಪನ ಕೆಲಸ ಎಂಥದ್ದೆಂದು ಕಾಣುತ್ತದೆ!

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬೇಕಾದಷ್ಟು ಮೊದಲೇ ಅವನು ಚೌಕದ ಅಂಚಿಗೆ ಬಂದು ನಿಂತ. ಆಹಾ, ಎಂಥ ನೋಟ! ವ್ಯಾನು, ಬಸ್ಸು, ಲಾರಿ ಒಂದರ ಹಿಂದೊಂದು ನಯವಾಗಿ ಸುತ್ತಿ ಹೋಗುತ್ತಿದ್ದವು. ಬೈಗುಳವಿಲ್ಲ, ಜಗಳವಿಲ್ಲ. ಗಡಿಯಾರ ನೋಡಲು ನಿಧಾನ ಮಾಡಿದವರು ಬನ್ನನ್ನೂ ಕೊಳ್ಳುತ್ತಿದ್ದರು. ಬೇಕರಿಯವನು ಗಡಿಯಾರಪ್ಪನಿಗೆ ಕೈ ಬೀಸಿದ. ಗಡಿಯಾರಪ್ಪನ ಹೃದಯ ತುಂಬಿತು.

ಒಳಗಿದ್ದವರಿಗೆ ಮೊದಲ ದಾರಿ. ಅವನು ಕಾದ. ಒಳಗಿದ್ದವರು ಮುಗಿಯಲೇ ಇಲ್ಲ. ಮೊದಲಾದರೆ ಯಾರಾದರೂ ಗುದ್ದಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದರು, ಒಂದು ಸಂದಿ ಸಿಗುತ್ತಿತ್ತು. ಈಗ ಜಗಳವೂ ಇಲ್ಲ, ಸಂದಿಯೂ ಇಲ್ಲ!

ಹೆಂಡತಿ ತನ್ನ ಸ್ಕೂಟರಿನಲ್ಲಿ ಬಂದು, ಸಲೀಸಾಗಿ ಒಳಗೆ ನುಗ್ಗಿದಳು. "ಬನ್ರೀ!" ಎಂದು ಕೂಗಿದಳು. "ಬಂದೆ, ಈ ವ್ಯಾನೊಂದು ಹೋಗ್ಲಿ," ಎಂದ. ಅವಳು ಒಂದು ಸುತ್ತು ಬಂದು ಮತ್ತೆ ಕೂಗಿದಳು. ಆಗ ಬಸ್ಸು ಬರುತ್ತಿತ್ತು. ಅವಳು ಹಣೆ ಚಚ್ಚಿಕೊಂಡು ಹೋದಳು.

ಆಚೆ, ಅಂಗಡಿಯ ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು. ಅವರು ಬೀಗ ನೋಡಿದರು. ಚೌಕದ ಗಡಿಯಾರ ನೋಡಿದರು. ಅದರಾಚೆ ಸ್ಕೂಟರ್ ಮೇಲೆ ಕೂತಿದ್ದ ಗಡಿಯಾರಪ್ಪನನ್ನು ನೋಡಿದರು.

"ಏನ್ರೀ, ಆ ಗಡಿಯಾರ ಸರಿಯಾಗಿದ್ಯಾ?" ಎಂದು ಅಲ್ಲಿಂದಲೇ ಕೂಗಿದರು.

ಒಂದು ಗಂಟೆ ಮುಂದಿದೆ ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಆದರೆ ತನ್ನ ಕೈಯ ಕೆಲಸದ ಮೇಲೆ ಅಪವಾದ ಹೊರಿಸಲು ಗಡಿಯಾರಪ್ಪನಿಗೆ ಬಾಯಿ ಬರಲಿಲ್ಲ.

"ಸರಿಯಾಗಿದೆ ಸಾರ್!" ಎಂದು ಗಂಟಲು ಹರಿಯುವಂತೆ ಕೂಗಿದ. "ಒಂದು ಸೆಕೆಂಡೂ ತಪ್ಪಲ್ಲ!"

ಮಾತು ಮುಗಿಯುವುದಕ್ಕೂ ಗಡಿಯಾರ ನಾಲ್ಕು ದಿಕ್ಕಿಗೂ ಕೇಳುವಂತೆ ಹತ್ತು ಹೊಡೆಯುವುದಕ್ಕೂ ಸರಿಹೋಯಿತು.

ಮ್ಯಾನೇಜರು ತಲೆಯಾಡಿಸಿ ಕಾರು ಹತ್ತಿದರು. ಕಾರು ಅಪ್ಪನ ಮೇಜನ್ನು ಸುತ್ತಿಕೊಂಡು ಗಡಿಯಾರಪ್ಪನ ಮುಂದೆಯೇ ಬಂತು. ಅವನು ಸ್ಕೂಟರನ್ನು ಒಂದಿಷ್ಟು ಹಿಂದಕ್ಕೆ ಸರಿಸಿ, ಹೋಗಿ ಸಾರ್ ಎಂದು ಕೈ ತೋರಿಸಿದ.