ಸೋದರತ್ತೆಯ ಮೈಕು, ಸೆಲ್ವಮ್ಮನ ಅಳು

ನನ್ನ ಸೋದರತ್ತೆಗೆ ಇರುವುದು ಒಂದೇ ಆಸೆ: ತನ್ನ ಹೆಣದ ಮುಂದೆ ಹಾಡುವ ಹಾಡನ್ನು ತಾನೇ ಕೂತು ಕೇಳಬೇಕು! ನಗಬೇಡಿ. ಕಾಶಿ ನೋಡಬೇಕು, ಮೊಮ್ಮಕ್ಕಳನ್ನು ಆಡಿಸಬೇಕು ಅನ್ನುವ ಅತ್ತೆಯರು ಬೇರೆಯವರಿಗೆ ಸಿಕ್ಕಿದ್ದಾರೆ. ನನ್ನ ಪಾಲಿಗೆ ಬಂದು ನಮ್ಮ ಮನೆಯಲ್ಲೇ ಇರುವವಳು ಇವಳು. ಸಾಯುವ ಅವಸರವೇನೂ ಅವಳಿಗಿಲ್ಲ, ಗುಂಡುಕಲ್ಲಿನ ಹಾಗಿದ್ದಾಳೆ. ಸತ್ತ ಮೇಲೆ ಕಿವಿ ಕೇಳಿಸುವುದಿಲ್ಲವಲ್ಲ ಅನ್ನುವುದಷ್ಟೇ ತಕರಾರು.

ಹಾಡಬೇಕಾದವಳು ಸೆಲ್ವಮ್ಮ. ಕೆ.ಜಿ.ಎಫ್.ನ ಗಣಿ ಕಾರ್ಮಿಕರ ಲೈನ್ ಮನೆಯವಳು, ಅತ್ತೆಯ ಹಳೆಯ ಗೆಳತಿ. ಇಬ್ಬರೂ ಒಂದು ಕಾಲದಲ್ಲಿ ರೇಡಿಯೋ ಜೋಡಿಸುವ ಸಣ್ಣ ಕಾರ್ಖಾನೆಯಲ್ಲಿ ಅಕ್ಕಪಕ್ಕ ಕೂತು ಬೆಸುಗೆ ಹಾಕಿದವರು. ಸತ್ತವರ ಗುಣ ಹೇಳಿಕೊಂಡು ಅಳುತ್ತಾ ಹಾಡುವ ತಮಿಳು ಹಾಡಿಗೆ ಒಪ್ಪಾರಿ ಅನ್ನುತ್ತಾರೆ. ಸೆಲ್ವಮ್ಮ ಒಪ್ಪಾರಿ ಎತ್ತಿದರೆ, ಸತ್ತವನ ಮೇಲೆ ಕೇಸು ಹಾಕಿದ್ದ ದಾಯಾದಿಯೂ ಮೂಗು ಒರೆಸಿಕೊಳ್ಳುತ್ತಿದ್ದ! ಈಗ ಅವಳಿಗೆ ಬಿಡದ ಕೆಮ್ಮು. ದನಿ ಸವೆಯುತ್ತಾ ಬಂದಿದೆ.

“ಅಷ್ಟೇ ತಾನೆ?” ಅಂದುಕೊಂಡು ನಾನು ಒಂದು ಸಾವಿನ ಮನೆಯಲ್ಲಿ ಅವಳ ಹಾಡನ್ನು ಫೋನಿನಲ್ಲಿ ಹಿಡಿದು ತಂದೆ. ಅತ್ತೆ ಕೇಳಿ ಮುಖ ಸಿಂಡರಿಸಿದಳು.

“ಲೇ, ಅಳು ಎಲ್ಲೋಯ್ತಲಾ? ಮಾತು ಮಾತ್ರ ಐತೆ. ನಿನ್ ಫೋನ್‌ಗೆ ಅಳು ಅಂದ್ರೆ ಗದ್ದಲ. ಅದನ್ನ ತೆಗೆದಾಕ್ಬಿಟ್ಟೈತೆ!”

ಒಳ್ಳೆಯ ಮೈಕು ಕೊಂಡುಕೊಳ್ಳೋಣ ಅಂದೆ. “ಒಬ್ಬಟ್ಟೂ ಅಂಗಡೀಲಿ ಸಿಗ್ತದೆ, ಅಬ್ಬಕ್ಕೆ ನಿನ್ ಎಂಡ್ರು ಮನೇಲಿ ಯಾಕೆ ಮಾಡ್ತಾಳೆ?” ಅಂದಳು. ಸ್ಟುಡಿಯೋದವರು ಇಡುತ್ತಾರಲ್ಲ, ಪೆನ್ನಿನಂಥ ಕಂಡೆನ್ಸರ್ ಮೈಕು, ಅದನ್ನೇ ಮಾಡುತ್ತಾಳಂತೆ. ಅದೂ ಜೋಡಿ! ಎರಡು ಕಿವಿಗೆ ಎರಡಿದ್ದರೆ ಹಾಡುವವಳು ಯಾವ ಕಡೆ ಇದ್ದಾಳೆ ಅನ್ನುವುದೂ ಕೇಳಿಸುತ್ತದಂತೆ.

ನಾನು ಬಂಗಾರಪೇಟೆಯಿಂದ ಬೆಂಗಳೂರಿನ ಔಷಧಿ ಗೋಡೌನಿಗೆ ದಿನಾ ರೈಲಿನಲ್ಲಿ ಓಡಾಡುವವನು. ಉಳಿದಿದ್ದ ಭಾನುವಾರವೂ ಹೋಯಿತು. ಅತ್ತೆಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ರಾಬರ್ಟ್‌ಸನ್‌ಪೇಟೆ ಸುತ್ತಿದೆ. ಮೊದಲನೇ ಅಂಗಡಿಯಲ್ಲಿ ಕಂಡೆನ್ಸರ್ ಸಾಮಾನು ಕೇಳಿದೆವು.

“ಫ್ಯಾನು ನಿಧಾನ ಸುತ್ತುತ್ತಾಮ್ಮಾ?” ಅಂದವನೇ ಫ್ಯಾನಿನ ಕಂಡೆನ್ಸರ್ ಎದುರಿಗಿಟ್ಟ.

ಎರಡನೆಯವನು, ಮೈಕಿನೊಳಗಿನ ಪೊರೆಗೆ ಅತ್ತೆ ಡಯಾಫ್ರಂ ಅಂದದ್ದೇ ತಡ, ಆಟೋ ಗ್ಯಾರೇಜಿನ ದಾರಿ ತೋರಿಸಿದ. ಗ್ಯಾರೇಜಿನವನು ಕಾರ್ಬೊರೇಟರಿನ ರಬ್ಬರ್ ಪೊರೆ ಹಿಡಿದುಕೊಂಡು, “ಯಾವ ಗಾಡಿ ಅಮ್ಮಂದು?” ಅಂತ ನನ್ನನ್ನು ಕೇಳಿದ! ಕೊನೆಯಲ್ಲಿ ಹಳೇ ರೇಡಿಯೋ ರಿಪೇರಿಯವನ ಹತ್ತಿರ ಹೋಗಿ ಅತ್ತೆ, ಕರೆಂಟು ತಡೆಯುವ ಬಿಡಿಭಾಗ, ಒಂದು ಗಿಗಾ ಓಮಿನ ರೆಸಿಸ್ಟರ್ ಕೇಳಿದಳು.

“ಗಿಗಾನಾ? ಅಷ್ಟು ದೊಡ್ಡದು ಕರೆಂಟು ಕಂಬದಲ್ಲೇ ಸಿಗೋದಮ್ಮಾ!”

ವಸ್ತು ನೋಡಿದರೆ ಅಕ್ಕಿಕಾಳಿನಷ್ಟಿಲ್ಲ. ಅದನ್ನು ಹುಡುಕಿಕೊಂಡು ನಾನು ಬೆಂಗಳೂರಿನ ಎಸ್.ಪಿ. ರಸ್ತೆಯ ಗಲ್ಲಿಗಲ್ಲಿ ಅಲೆದು, ರೈಲು ತಪ್ಪಿಸಿಕೊಂಡು, ಹೆಂಡತಿಯ ಬಾಯಿಗೆ ಬಿದ್ದೆ. ಉಗುರಗಲದ ಮೈಕಿನ ಬಿಲ್ಲೆ ಹೊರದೇಶದಿಂದ ಕೊರಿಯರಿನಲ್ಲಿ ಬಂತು. ಅದರ ತೆಳ್ಳನೆ ಪೊರೆಗೆ ಹೊಳಪಿನ ಲೇಪ. ಚಿನ್ನವಂತೆ! ಊರಿನ ಅಡಿಯೆಲ್ಲ ತೋಡಿ ಚಿನ್ನ ಕಳಿಸಿದವರು ನಾವು, ಈಗ ಇಷ್ಟೇ ಇಷ್ಟನ್ನು ಕೊರಿಯರಿನವನಿಗೆ ಸಹಿ ಹಾಕಿ ಇಸಕೊಂಡೆವು.

ಮೈಕಿನ ಮೂತಿಗೆ ಜಾಲರಿ ಬೇಕೆಂದು ನಮ್ಮ ಮನೆಯ ಟೀ ಸೋಸುವ ಜರಡಿ ಹೋಯಿತು. ಹಿತ್ತಾಳೆ ಕೊಳವೆಗೆಂದು ಔಷಧಿ ಹೊಡೆಯುವ ಪಂಪು ತುಂಡಾಯಿತು. ತೇವ ತಾಕಬಾರದೆಂದು ಬಿಲ್ಲೆಗಳನ್ನು ಪೊಟ್ಟಣ ಕಟ್ಟಿ ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದಳು. ಒಂದು ಅನ್ನದಲ್ಲಿ ಬೆಂದುಹೋಯಿತು. ಮತ್ತೆ ಕೊರಿಯರು! ಬೆಸುಗೆ ಹಾಕುವಾಗ ಬೆರಳಿನ ಜಿಡ್ಡು ತಾಕಬಾರದು, ಧೂಳು ಏಳಬಾರದು, ನಾವ್ಯಾರೂ ಕೆಮ್ಮಬಾರದು. ಸ್ವಂತ ಮನೆಯಲ್ಲಿ ಉಸಿರಾಡೋಕೆ ಅಂಗಳಕ್ಕೆ ಹೋದವರನ್ನು ನೀವು ಕಂಡಿದ್ದೀರಾ?

ಇಷ್ಟೆಲ್ಲ ಆಗಿ ಹಚ್ಚಿದರೆ, ಒಂದು ಮೈಕು ಗೊಂಯ್ ಅಂದಿತು. ಇನ್ನೊಂದು ಅದನ್ನೂ ಅನ್ನಲಿಲ್ಲ. ಬಿಚ್ಚಿದಳು, ತೊಳೆದಳು, ಮತ್ತೆ ಬೆಸೆದಳು. ಗೊಂಯ್! ಅಷ್ಟರಲ್ಲಿ ಸೆಲ್ವಮ್ಮನನ್ನು ಆಸ್ಪತ್ರೆಗೆ ಸೇರಿಸಿದ ಸುದ್ದಿ ಬಂತು. ಅತ್ತೆ ಬೆಸುಗೆಯ ಕಡ್ಡಿ ಕೆಳಗಿಟ್ಟು ಗೋಡೆಗೊರಗಿದಳು.

“ಬಿಟ್ಬಿಡು ಅತ್ತೆ, ಸಾಕು,” ಅಂದೆ.

“ಬಿಟ್ಬಿಡ್ತೀನಿ ಕಣ್ಲಾ. ಅವಳೂ ಬಿಟ್ಟು ಓಯ್ತಾವ್ಳೆ,” ಅಂದಳು.

ಸೆಲ್ವಮ್ಮ ಆಸ್ಪತ್ರೆಯಿಂದ ವಾಪಸು ಬಂದಳು, ಅರ್ಧ ಆಳಾಗಿ. ಅತ್ತೆ ಮರುದಿನವೇ ಮತ್ತೆ ಕಡ್ಡಿ ಕಾಯಿಸಿದಳು. ಮಳೆಗಾಲ ಮುಗಿದು ಗಾಳಿ ಒಣಗಿದ ಮೇಲೆ ಒಂದು ಮಧ್ಯಾಹ್ನ ಗೊಂಯ್ ನಿಂತೇಹೋಯಿತು! ಎರಡು ಮೈಕೂ ನೊಣದ ರೆಕ್ಕೆಯನ್ನೂ ಬಿಡದೆ ಹಿಡಿದವು. ಆರ್ಕೆಸ್ಟ್ರಾದವನೊಬ್ಬನಿಂದ ರೆಕಾರ್ಡರ್ ಬೇಡಿ ತಂದು, ಎಲ್ಲವನ್ನೂ ಹೊತ್ತು ಸೆಲ್ವಮ್ಮನ ಮನೆಗೆ ಹೋದೆವು.

“ಬದುಕಿರೋರ್ಗೆ ಒಪ್ಪಾರಿ ಪಾಡ್ಬಾರ್ದು ಡೀ,” ಅಂತ ಸೆಲ್ವಮ್ಮ ತಲೆಯಾಡಿಸಿದಳು.

“ನಾನು ಓಗೋವಾಗ ನಿನ್ ದನಿ ಇರ್ತದಾ? ಆಡು,” ಅಂದಳು ಅತ್ತೆ.

ಸೆಲ್ವಮ್ಮ ಸೆರಗು ಬಿಗಿದಳು, ಕಣ್ಣು ಮುಚ್ಚಿದಳು. “ಎನ್ ರಾಸಾತ್ತಿ...”, ನನ್ನ ರಾಣಿಯೇ, ಅಂತ ಎತ್ತಿದಳು. ನನ್ನ ಮೈಯೆಲ್ಲ ಜುಂ ಅಂದಿತು. ಅಷ್ಟೇ. ಕಣ್ಣು ತೆರೆದಳು. ಎದುರಿಗೆ ಅತ್ತೆ ಚಕ್ಕಂಬಕ್ಕಲ ಹಾಕಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತಿದ್ದಾಳೆ. ಸೆಲ್ವಮ್ಮನ ದನಿ ಅಲ್ಲೇ ನಿಂತಿತು. ಮತ್ತೊಮ್ಮೆ ಎತ್ತಿದಳು, ಮತ್ತೆ ನಿಂತಿತು.

ಆಮೇಲೆ ಬಂತು ನೋಡಿ ಸಿಟ್ಟು!

“ಪೋಡೀ! ಕಣ್ಣೆದುರ್ಗೆ ಕಲ್ಲುಗುಂಡ್ ತರ ಕೂತ್ಕೊಂಡು, ಸತ್ತೋದೆ ಅಂತ ಪಾಡು ಅಂದ್ರೆ ಎಂಗೆ ಪಾಡ್ಲಿ? ಬುದ್ಧಿ ಇಲ್ವಾ ನಿನ್ಗೆ? ಮೊಗ ನೋಡು, ಒಣಗೋಗೈತೆ. ಬೆಳಗ್ಗೆ ತಿಂದ್ಯಾ? ತಿಂದಿಲ್ಲ. ಗೊತ್ತು ನನ್ಗೆ. ತಂತಿ ಕಟ್ತಾ ಕೂತಿರ್ತೀಯ...” ಬೈಯುತ್ತಲೇ, ಕೆಮ್ಮುತ್ತಲೇ, ಗೋಡೆ ಹಿಡಿದುಕೊಂಡು ಒಲೆಯ ಕಡೆ ಹೊರಟಳು.

ಕೆಲಸ ಕೆಟ್ಟಿತು ಅಂದುಕೊಂಡು ನಾನು ರೆಕಾರ್ಡರ್ ಆರಿಸಲು ಕೈ ಚಾಚಿದೆ. ಅತ್ತೆ ನನ್ನ ಕೈ ಹಿಡಿದುಕೊಂಡಳು. ಅವಳ ಕೆನ್ನೆ ಒದ್ದೆಯಾಗಿತ್ತು. ಒಳಗೆ ಪಾತ್ರೆ ಸದ್ದಾಯಿತು, ಬಳೆ ಸದ್ದಾಯಿತು, “ಉಪ್ಪು ಎಲ್ಲಿಟ್ಟೆನೋ” ಅನ್ನುವ ಗೊಣಗು ಕೇಳಿಸಿತು.

“ಸುಮ್ನಿರು,” ಅಂದಳು ಅತ್ತೆ, ಪಿಸುಮಾತಿನಲ್ಲಿ. “ಅವಳು ನಡೀತಾವ್ಳೆ. ಕೇಳಿಸ್ತಾ ಐತೆ.”